ಬೂಟು ಆರಿಸುವಾಗ ಇಳಿಯುವ ದಾರಿ ನೆನಪಿರಲಿ

ಸಾವನದುರ್ಗದ ನೆತ್ತಿಯಲ್ಲಿ ನಂದಿಮಂಟಪದ ಬಳಿ ಕೂತಾಗ ನಾನು ಮೊದಲು ನೋಡುವುದು ಜೊತೆಗೆ ಬಂದವರ ಪಾದಗಳನ್ನು. ಹಗ್ಗ ಕಟ್ಟಿಕೊಂಡು ಬಂಡೆ ಹತ್ತಿ ಬಂದವರು ಬಿಗಿಯಾದ ಕ್ಲೈಂಬಿಂಗ್ ಶೂ ಕಳಚಿ, ನಲುಗಿದ ಬೆರಳುಗಳನ್ನು ನೀವಿಕೊಳ್ಳುತ್ತಾ, ಇಳಿಯುವುದಕ್ಕೆಂದು ಬೆನ್ನಚೀಲದಲ್ಲಿ ತಂದದ್ದನ್ನು ಹೊರಗೆ ತೆಗೆಯುವ ಹೊತ್ತು ಅದು. ಒಬ್ಬರದು ಹವಾಯಿ ಚಪ್ಪಲಿ. ಇನ್ನೊಬ್ಬರದು ಬೆಳಗಿನ ಓಟಕ್ಕೆ ಹಾಕುವ ಶೂ. ಮತ್ತೊಬ್ಬರದು ಹಿಮಾಲಯದ ಚಾರಣಕ್ಕೆಂದು ಕೊಂಡ ಎತ್ತರದ ಬೂಟು. "ಹತ್ತೋದು ಮುಗೀತಲ್ಲ ಸರ್, ಇನ್ನೇನು ನಡ್ಕೊಂಡು ಇಳಿಯೋದೇ ತಾನೆ" ಎನ್ನುತ್ತಾರೆ. ನನಗೆ ಭಯ ಶುರುವಾಗುವುದು ಅಲ್ಲಿಂದಲೇ. ಹತ್ತುವಾಗ ಸೊಂಟಕ್ಕೆ ಹಗ್ಗವಿತ್ತು, ಈಗ ಇಲ್ಲ. ಮೀನಖಂಡ ಸೋತಿದೆ, ನೀರು ಮುಗಿಯುತ್ತಾ ಬಂದಿದೆ, ಮುಂದಿರುವುದು ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇಲ್ಲದ ಬೋಳು ಇಳಿಜಾರು. ಇಷ್ಟು ವರ್ಷ ಬಂಡೆ ಹತ್ತುವುದನ್ನು ಕಲಿಸುತ್ತಾ ಬಂದಿರುವ ನಾನು ಕಾಲು ಜಾರಿದವರನ್ನು ಹೆಚ್ಚಾಗಿ ಕಂಡಿರುವುದು ಹೀಗೆ ಇಳಿಯುವಾಗಲೇ.

ಬಂಡೆಯ ಬುಡದವರೆಗೆ ನಡೆದು ಹೋಗುವ ದಾರಿಗೆ ನಮ್ಮವರು ಅಪ್ರೋಚ್ ಎನ್ನುತ್ತಾರೆ. ಆ ದಾರಿಗೆ, ನಡುನಡುವೆ ಕೈಯೂರಿ ಹತ್ತಬೇಕಾದ ಸುಲಭದ ಬಂಡೆಗೆ, ಆಮೇಲೆ ಇಳಿಯುವುದಕ್ಕೆ ಆಗಿಬರುವಂಥದ್ದು ಅಪ್ರೋಚ್ ಶೂ. ನೋಡಲು ಸಾಮಾನ್ಯ ಚಾರಣದ ಶೂನಂತೆಯೇ ಇರುತ್ತದೆ. ವ್ಯತ್ಯಾಸ ಇರುವುದು ಅಡಿಯಲ್ಲಿ ಮತ್ತು ಮೂತಿಯಲ್ಲಿ. ಅಂಗಡಿಯಲ್ಲಿ ನಾವು ಬಣ್ಣ ನೋಡುತ್ತೇವೆ, ತೂಕ ನೋಡುತ್ತೇವೆ, ಕಾಲಿಗೆ ಮೆತ್ತಗಿದೆಯೇ ಎಂದು ನಾಲ್ಕು ಹೆಜ್ಜೆ ನಡೆದು ನೋಡುತ್ತೇವೆ. ಶೂವನ್ನು ತಲೆಕೆಳಗು ಮಾಡಿ ನೋಡುವವರು ಕಡಿಮೆ. ನೋಡಬೇಕಾದದ್ದು ಅದನ್ನೇ.

ತಲೆಕೆಳಗು ಮಾಡಿದರೆ ಅಟ್ಟೆ ಕಾಣುತ್ತದೆ. ಚಾರಣದ ಬೂಟಿನ ಅಟ್ಟೆಯಲ್ಲಿ ನಾಲ್ಕೈದು ಮಿಲಿಮೀಟರ್ ಆಳದ ಹಲ್ಲುಗಳು ಬಿಡಿಬಿಡಿಯಾಗಿ ನಿಂತಿರುತ್ತವೆ. ಕೆಸರಿಗೂ ಮಣ್ಣಿಗೂ ಅದು ಸರಿ, ಹಲ್ಲು ನೆಲದೊಳಗೆ ಇಳಿದು ಕಚ್ಚುತ್ತದೆ. ಗ್ರಾನೈಟ್ ಬಂಡೆಯೊಳಗೆ ಯಾವ ಹಲ್ಲೂ ಇಳಿಯುವುದಿಲ್ಲ. ಅಲ್ಲಿ ಹಲ್ಲಿನ ತುದಿಯಷ್ಟೇ ಕಲ್ಲಿಗೆ ತಾಗುತ್ತದೆ. ಮೈಭಾರ ಬಿದ್ದಾಗ ಆ ಹಲ್ಲುಗಳು ಒಂದೊಂದೂ ಬಾಗುತ್ತವೆ, ಕಾಲಡಿ ಏನೋ ಅಲುಗಿದಂತಾಗುತ್ತದೆ, ಹೆದರಿದವರು ಹಿಂದಕ್ಕೆ ವಾಲುತ್ತಾರೆ, ವಾಲಿದೊಡನೆ ಜಾರುತ್ತಾರೆ. ಅಪ್ರೋಚ್ ಶೂನ ಅಟ್ಟೆಯಲ್ಲಿ ಹಲ್ಲಿನ ಬದಲು ತಗ್ಗಾದ ಚುಕ್ಕಿಗಳಿರುತ್ತವೆ. ಹೆಬ್ಬೆರಳಿನ ಅಡಿಗೆ ಅಂಗೈಯ ಕಾಲುಭಾಗದಷ್ಟು ಜಾಗ ಚುಕ್ಕಿಯೂ ಇಲ್ಲದೆ ನುಣುಪಾಗಿರುತ್ತದೆ. ಅದಕ್ಕೆ ಕ್ಲೈಂಬಿಂಗ್ ಜೋನ್ ಎಂದು ಹೆಸರು. ಈ ನುಣುಪು ಜಾಗ ಇಲ್ಲದ ಶೂಗಳನ್ನೂ ಅಪ್ರೋಚ್ ಎಂಬ ಹೆಸರಿನಲ್ಲಿ ಮಾರುತ್ತಾರೆ. ನಾನು ಅವನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ.

ಇನ್ನು ರಬ್ಬರ್. ಬರಿಗಣ್ಣಿಗೆ ನುಣುಪಾಗಿ ಕಾಣುವ ಬಂಡೆಯ ಮೇಲೆ ಬೆರಳಾಡಿಸಿದರೆ ಹರಳುಗಳು ತಾಗುತ್ತವೆ. ನಮ್ಮ ರಾಮನಗರದ ಕಲ್ಲಿನಲ್ಲಿ ಫೆಲ್ಡ್‌ಸ್ಪಾರ್ ಹರಳುಗಳು ಬೆರಳಿನ ಉಗುರಿಗಿಂತ ದೊಡ್ಡವೂ ಇವೆ. ಆ ಊರಿನ ಹಳೆಯ ಹೆಸರು ಕ್ಲೋಸ್‌ಪೇಟೆ. ಸುಮಾರು 250 ಕೋಟಿ ವರ್ಷ ಹಳೆಯ ಆ ಶಿಲೆಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಮೆತ್ತನೆಯ ರಬ್ಬರ್ ಮೈಭಾರಕ್ಕೆ ಸ್ವಲ್ಪ ಅದುಮಿಕೊಂಡು ಈ ಹರಳುಗಳ ಸುತ್ತ ಕೂರುತ್ತದೆ. ಹಿಡಿತ ಬರುವುದು ಅದರಿಂದ. ಗಟ್ಟಿ ರಬ್ಬರ್ ಹರಳಿನ ನೆತ್ತಿಯ ಮೇಲೇ ನಿಂತುಬಿಡುತ್ತದೆ. ಅಂಗಡಿಯಲ್ಲಿ ಇದನ್ನು ಪರೀಕ್ಷಿಸುವುದು ಸುಲಭ: ಅಟ್ಟೆಯ ಅಂಚಿಗೆ ಹೆಬ್ಬೆರಳಿನ ಉಗುರು ಒತ್ತಿ. ಗುರುತು ಮೂಡಿ ನಿಧಾನಕ್ಕೆ ಮಾಯವಾದರೆ ಒಳ್ಳೆಯದು. ಉಗುರೇ ಜಾರಿದರೆ ಆ ಶೂ ಡಾಂಬರು ರಸ್ತೆಗೆ. ಮೆತ್ತನೆ ರಬ್ಬರ್ ಬೇಗ ಸವೆಯುತ್ತದೆ ಎಂಬ ದೂರು ನಿಜ. ಹಾಗಾಗಿಯೇ ಅದನ್ನು ಹಾಕಿಕೊಂಡು ತರಕಾರಿ ತರಲು ಹೋಗಬೇಡಿ ಎಂದು ಹೇಳುತ್ತೇನೆ.

ಎರಡು ಬಗೆಯ ಪಾದರಕ್ಷೆ ಹೊರುವ ಕಷ್ಟ ಹೊಸದಲ್ಲ. ಕಳೆದ ಶತಮಾನದ ಮೊದಲ ಭಾಗದಲ್ಲಿ ಆಲ್ಪ್ಸ್ ಪರ್ವತ ಹತ್ತುವವರು ಬುಡದವರೆಗೆ ಮೊಳೆ ಹೊಡೆದ ಭಾರದ ಬೂಟಿನಲ್ಲಿ ನಡೆದು, ಬಂಡೆ ಬಂದಾಗ ಹಗುರವಾದ ಬೇರೆ ಶೂಗೆ ಬದಲಾಯಿಸುತ್ತಿದ್ದರು. 1935ರಲ್ಲಿ ಇಟಲಿಯ ತಂಡವೊಂದು ಪುಂಟಾ ರಸಿಕಾ ಶಿಖರದಲ್ಲಿ ಹಿಮಗಾಳಿಗೆ ಸಿಕ್ಕಿ ಆರು ಮಂದಿ ಸತ್ತರು. ಆ ಹವೆಗೆ ತಕ್ಕ ಪಾದರಕ್ಷೆ ಇಲ್ಲದ್ದು ಸಾವಿಗೆ ಒಂದು ಕಾರಣವೆಂದು ಹೇಳಲಾಯಿತು. ಸತ್ತವರ ಗೆಳೆಯ ವಿಟಾಲೆ ಬ್ರಮಾನಿ ಎಲ್ಲ ನೆಲಕ್ಕೂ ಆಗುವ ಒಂದೇ ರಬ್ಬರ್ ಅಟ್ಟೆ ಮಾಡಬೇಕೆಂದು ಹೊರಟು, 1937ರ ಹೊತ್ತಿಗೆ ಅದನ್ನು ಮಾಡಿಯೂ ಮಾಡಿದ. ಇಂದು ಶೂಗಳ ಅಡಿಯಲ್ಲಿ ಹಳದಿ ಎಂಟು ಮೂಲೆಯ ಗುರುತಿನಲ್ಲಿ ಕಾಣುವ ವಿಬ್ರಂ ಆತನ ಹೆಸರಿನದೇ ತುಂಡು. ಬೋಳುಬಂಡೆಗೆ ಬೇಕಾದ ಅಂಟುವ ರಬ್ಬರನ್ನು ನಡೆಯುವ ಶೂಗೆ ತಂದವರಲ್ಲಿ ಮೊದಲಿಗ ಅಮೆರಿಕದ ಚಾರ್ಲ್ಸ್ ಕೋಲ್. 1985ರಲ್ಲಿ ಆತ ಕಟ್ಟಿದ ಕಂಪನಿಯ ಹೆಸರು ಫೈವ್ ಟೆನ್, ಅದು ಬಂಡೆಯ ಕಷ್ಟವನ್ನು ಅಳೆಯುವ ಅಲ್ಲಿನ ಒಂದು ದರ್ಜೆ. ಇಬ್ಬರೂ ಸ್ವತಃ ಹತ್ತುವವರು. ಒಳ್ಳೆಯ ಶೂ ಅಂಥವರ ಕೈಯಿಂದಲೇ ಬಂದಿದೆ ಎಂಬುದು ನನಗೆ ಸಮಾಧಾನ ಕೊಡುವ ಸಂಗತಿ.

ಯಾವ ಬಂಡೆಗೆ ಎಂಬ ಪ್ರಶ್ನೆಗೆ ಈಗ ಬರೋಣ. ಕರ್ನಾಟಕದಲ್ಲಿ ಓಡಾಡುವವರಿಗೆ ಒಂದೇ ಉತ್ತರ ಕೊಡಲಾಗದು.

ಸಾವನದುರ್ಗ ಅಂದರೆ ಸ್ಲ್ಯಾಬ್, ಹಾಸುಬಂಡೆ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಏಕಶಿಲೆ. 'ಬೆಳದಿಂಗಳು' ಮುಂತಾದ ಇಲ್ಲಿನ ಹೆಸರಾಂತ ಮಾರ್ಗಗಳಲ್ಲಿ ಕೈಗಿಂತ ಪಾದಕ್ಕೇ ಹೆಚ್ಚು ಕೆಲಸ. ಹಿಡಿಯಲು ಏನೂ ಇಲ್ಲದಲ್ಲಿ ಮುಂಗಾಲನ್ನು ಹಾಗೇ ಕಲ್ಲಿಗೆ ಒರಗಿಸಿ, ಹಿಮ್ಮಡಿ ತಗ್ಗಿಸಿ, ಭಾರ ಹಾಕಿ ನಿಲ್ಲುವುದಕ್ಕೆ ಸ್ಮಿಯರಿಂಗ್ ಎನ್ನುತ್ತೇವೆ. ಅದಕ್ಕೆ ಬೇಕಾದದ್ದು ಬಾಗುವ ಅಟ್ಟೆ, ಮೆತ್ತನೆ ರಬ್ಬರ್, ಕಣಕಾಲಿಗಿಂತ ಕೆಳಗೇ ನಿಲ್ಲುವ ಶೂ. ಎತ್ತರದ ಬೂಟು ಕಣಕಾಲನ್ನು ಕಾಪಾಡುತ್ತದೆಂದು ನಂಬಿರುವವರು ಬಹಳ. ಇಂಥ ಕಡೆ ಅದು ಹಿಮ್ಮಡಿ ತಗ್ಗದಂತೆ ಕಾಲನ್ನು ಕಟ್ಟಿಹಾಕುತ್ತದೆ, ಅರ್ಧ ಅಟ್ಟೆ ಗಾಳಿಯಲ್ಲಿ ಉಳಿಯುತ್ತದೆ. ಹದಿನೈದು ಕಿಲೋ ಹೊತ್ತು ಸಡಿಲಗಲ್ಲುಗಳ ಮೇಲೆ ದಿನಗಟ್ಟಲೆ ನಡೆಯುವವರಿಗೆ ಎತ್ತರದ ಬೂಟು ಇರಲಿ, ನನ್ನ ತಕರಾರಿಲ್ಲ.

ಬಾದಾಮಿಯ ಕೆಂಪು ಮರಳುಗಲ್ಲು ಬೇರೆ. ಅಲ್ಲಿ ಗೋಡೆ ನೆಟ್ಟಗೆ, ಪದರಪದರವಾದ ಕಲ್ಲಿನಲ್ಲಿ ಅಡ್ಡಕ್ಕೆ ಚೂಪಾದ ಅಂಚುಗಳು. ಬೆರಳಗಲದ ಅಂಚಿನ ಮೇಲೆ ಹೆಬ್ಬೆರಳಿನ ಬದಿಯೂರಿ ನಿಲ್ಲುವಾಗ ಶೂನ ಮೂತಿ ಬಾಗಬಾರದು. ತೀರಾ ಮೆತ್ತನೆ ಶೂ ಅಂಚಿನಿಂದ ಸುರುಳಿಯಂತೆ ಕಳಚಿಕೊಳ್ಳುತ್ತದೆ. ಓಟದ ಶೂ ಇಲ್ಲಿ ಸೋಲುವುದೂ ಇದಕ್ಕೇ: ಅದರ ಮೂತಿ ಮೇಲಕ್ಕೆ ಎದ್ದಿರುತ್ತದೆ, ದಪ್ಪ ಫೋಮು ಬೆರಳಿಗಿಂತ ಮುಂದಕ್ಕೆ ಚಾಚಿರುತ್ತದೆ. ಬೆರಳೆಲ್ಲಿ, ಕಲ್ಲೆಲ್ಲಿ ಎಂದು ಗೊತ್ತೇ ಆಗುವುದಿಲ್ಲ. ಪರೀಕ್ಷೆ ಇಷ್ಟೇ, ಅಂಗಡಿಯ ಮೆಟ್ಟಿಲಿನ ಅಂಚಿನ ಮೇಲೆ ಹೆಬ್ಬೆರಳಿನ ಭಾಗವನ್ನಷ್ಟೇ ಇಟ್ಟು ಒಂಟಿಕಾಲಲ್ಲಿ ನಿಲ್ಲಿ. ಹತ್ತು ಎಣಿಸುವಷ್ಟರಲ್ಲಿ ಮೀನಖಂಡ ನಡುಗಿ ಹಿಮ್ಮಡಿ ಕುಸಿದರೆ ಶೂ ನಿಮಗೆ ಮೆತ್ತಗಾಯಿತು. ಇನ್ನೊಂದು ಮಾತು, ಬಾದಾಮಿಯಲ್ಲಿ ಬುಡಕ್ಕೆ ಹೋಗುವ ದಾರಿಯಲ್ಲಿ ಮುಳ್ಳುಗಿಡಗಳಿವೆ. ಮೇಲ್ಭಾಗಕ್ಕೆ ಬರೀ ಜಾಲರಿ ಬಟ್ಟೆಯಿರುವ ಶೂಗಿಂತ ಸ್ವೇಡ್ ಚರ್ಮದ್ದು ಮೇಲು. ರಾಮನಗರದ ಬಿರುಕುಗಳಲ್ಲಿ ಪಾದವನ್ನು ತುರುಕಿ ತಿರುಗಿಸಿ ನಿಲ್ಲುವವರಿಗೂ ಚರ್ಮವೇ ಬೇಕು. ಜೊತೆಗೆ ಬೆರಳಿನ ಸುತ್ತ ಬಂಪರಿನಂತೆ ರಬ್ಬರ್ ಪಟ್ಟಿ ಸುತ್ತಿರಲೇಬೇಕು. ಅದಿಲ್ಲದ ಶೂ ಬಿರುಕಿನ ಒರಟಿಗೆ ಬಹಳ ದಿನ ಬಾಳದು.

ಮಳೆಗಾಲದ ಕುಮಾರಪರ್ವತಕ್ಕೆ ಅಪ್ರೋಚ್ ಶೂ ಹಾಕಿಕೊಂಡು ಹೋಗಬೇಕೇ ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ಬೇಡ. ಚುಕ್ಕಿ ಅಟ್ಟೆಯಲ್ಲಿ ಕೆಸರು ಮೆತ್ತಿದರೆ ಉದುರುವುದಿಲ್ಲ, ಕಾಲಿಗೆ ಹೆಂಟೆ ಕಟ್ಟಿಕೊಂಡಂತೆ. ಕಾಡುದಾರಿಗೆ ಆಳ ಹಲ್ಲಿನ ಶೂವೇ ಸರಿ. ಆದರೆ ಶೇಷಪರ್ವತ ದಾಟಿದ ಮೇಲೆ ನೀರು ಹರಿಯುವ ಬಂಡೆಯೊಂದು ಸಿಗುತ್ತದಲ್ಲ, ಅಲ್ಲಿ ಪಾಚಿ ಕಟ್ಟಿದ ಮೇಲೆ ಯಾವ ದೇಶದ ಯಾವ ರಬ್ಬರೂ ಹಿಡಿಯುವುದಿಲ್ಲ. ರಬ್ಬರ್ ಮುಟ್ಟುವುದು ಪಾಚಿಯನ್ನು, ಕಲ್ಲನ್ನಲ್ಲ. ಅಂಥಲ್ಲಿ ಬೇರು ಹಿಡಿದು, ಕೂತು, ಕೈಕಾಲೆಲ್ಲ ಊರಿ ದಾಟಬೇಕು. ನೀರು ಒಳಬರದಂತೆ ಪೊರೆ ಹಾಕಿದ ಶೂ ಕೊಳ್ಳಿ ಎಂದು ಅಂಗಡಿಯವರು ಹೇಳಬಹುದು. ನಮ್ಮ ಮಳೆಯಲ್ಲಿ ನೀರು ಬರುವುದು ಮೇಲಿನಿಂದ, ಕಾಲುಚೀಲದ ಮೂಲಕ. ಒಮ್ಮೆ ಒಳಗೆ ಬಂದ ನೀರನ್ನು ಆ ಪೊರೆ ಸಂಜೆಯವರೆಗೂ ಅಲ್ಲೇ ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಬೆವರನ್ನೂ. ನಾನದನ್ನು ಕೊಳ್ಳುವುದಿಲ್ಲ.

ಅಳತೆಯ ವಿಷಯದಲ್ಲಿ ಆಗುವ ತಪ್ಪುಗಳೇ ಹೆಚ್ಚು, ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಚಾರಣದ ಬೂಟಿಗೆ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಬಿಡಿ ಎನ್ನುತ್ತಾರೆ. ಅಪ್ರೋಚ್ ಶೂಗೆ ಅದರ ಅರ್ಧ ಸಾಕು. ಹೆಚ್ಚು ಜಾಗವಿದ್ದರೆ ಅಂಚಿನ ಮೇಲೆ ನಿಂತಾಗ ನಿಮ್ಮ ಬೆರಳು ಕಲ್ಲಿನ ಮೇಲಿರುವುದಿಲ್ಲ, ಖಾಲಿ ಮೂತಿಯಷ್ಟೇ ಇರುತ್ತದೆ. ಹಾಗೆಂದು ಬೆರಳು ತಾಗುವಷ್ಟು ಬಿಗಿಯೂ ಬೇಡ, ಇಳಿಯುವಾಗ ಉಗುರು ಕಪ್ಪಾಗುತ್ತದೆ. ಸಂಜೆ ಹೊತ್ತಿಗೆ ಪಾದ ಊದಿರುತ್ತದೆ, ಕೊಳ್ಳಲು ಆಗ ಹೋಗಿ. ಬೆಟ್ಟಕ್ಕೆ ಹಾಕುವ ಕಾಲುಚೀಲವನ್ನೇ ಒಯ್ಯಿರಿ. ಇಳಿಜಾರು ಹಲಗೆ ಇದ್ದರೆ ಅದರ ಮೇಲೆ ಇಳಿಮುಖವಾಗಿ ನಿಂತು ಎರಡು ಬಾರಿ ಬಲವಾಗಿ ಕಾಲು ಅಪ್ಪಳಿಸಿ. ಬೆರಳು ಮುಂದಕ್ಕೆ ಹೋಗಿ ಬಡಿದರೆ ಲೇಸು ಬಿಗಿದು ಮತ್ತೊಮ್ಮೆ ನೋಡಿ, ಆಗಲೂ ಬಡಿದರೆ ಬಿಟ್ಟುಬಿಡಿ. ಲೇಸಿನ ತೂತುಗಳು ಬೆರಳಿನ ಬುಡದವರೆಗೂ ಬಂದಿರಬೇಕು. ನಡೆಯುವಾಗ ಮುಂಭಾಗ ಸಡಿಲಿಸಿ, ಬಂಡೆ ಬಂದಾಗ ಅಲ್ಲಿಂದಲೇ ಬಿಗಿದುಕೊಳ್ಳಲು ಇದು ಬೇಕು.

ಯುರೋಪಿನ ಅಳತೆಯಲ್ಲಿ ಒಂದು ಸಂಖ್ಯೆಯಿಂದ ಇನ್ನೊಂದಕ್ಕೆ 6.67 ಮಿಲಿಮೀಟರ್, ಅರ್ಧ ಸಂಖ್ಯೆಗೆ ಮೂರಕ್ಕಿಂತ ತುಸು ಹೆಚ್ಚು. ಆನ್‌ಲೈನ್‌ನಲ್ಲಿ ತರಿಸುವವರು ಕಾಗದದ ಮೇಲೆ ಪಾದವಿಟ್ಟು ಮಿಲಿಮೀಟರಿನಲ್ಲೇ ಅಳೆದುಕೊಳ್ಳಿ, ಎರಡೂ ಪಾದವನ್ನು, ನಿಂತುಕೊಂಡು. ಉದ್ದದ ಜೊತೆಗೆ ಅಗಲವನ್ನೂ. ಚಿಕ್ಕಂದಿನಲ್ಲಿ ಬರಿಗಾಲಲ್ಲೋ ಚಪ್ಪಲಿಯಲ್ಲೋ ಓಡಾಡಿ ಬೆಳೆದವರ ಮುಂಗಾಲು ಅಗಲವಾಗಿರುತ್ತದೆ. ದಕ್ಷಿಣ ಭಾರತದಲ್ಲಿ ಬರಿಗಾಲಲ್ಲೇ ನಡೆಯುವವರ ಪಾದಗಳನ್ನು ಅಳೆದ ಬೆಲ್ಜಿಯಂ ಸಂಶೋಧಕರೂ 2009ರಲ್ಲಿ ಇದನ್ನೇ ಹೇಳಿದ್ದಾರೆ. ಇಟಲಿಯ ಶೂಗಳು ಹಲವು ಸಲ ಕಿರಿದಾದ ಅಚ್ಚಿನ ಮೇಲೆ ಹೊಲಿದವು. ಕಿರುಬೆರಳು ನೊಂದರೆ ಒಂದು ಸಂಖ್ಯೆ ದೊಡ್ಡದು ಕೊಳ್ಳುವುದು ಪರಿಹಾರವಲ್ಲ. ಬೇರೆ ಅಚ್ಚಿನ ಶೂ ಹುಡುಕಬೇಕು. ಮಂಡ್ಯದ ಕಡೆಯ ಒಬ್ಬ ಹುಡುಗ ಎರಡು ಸಂಖ್ಯೆ ದೊಡ್ಡ ಶೂ ಹಾಕಿಕೊಂಡು ಒಂದು ವರ್ಷ ನನ್ನ ಬಳಿ ಕಲಿತ. ತನಗೆ ಕಾಲಿನ ಕೆಲಸವೇ ಬರುವುದಿಲ್ಲ ಎಂದುಕೊಂಡಿದ್ದ. ಅಗಲದ ಅಚ್ಚಿನ ಜೋಡಿ ಸಿಕ್ಕ ದಿನ ಅದೇ ಬಂಡೆಯಲ್ಲಿ ಕೈ ಊರದೆ ನಿಂತ. ಅವನ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಶೂ ಬಗ್ಗೆ ಇಷ್ಟು ಬರೆಯಲು ಅವನೂ ಒಂದು ಕಾರಣ.

ಹೊರದೇಶದ ಒಳ್ಳೆಯ ಜೋಡಿಗೆ ನಮ್ಮಲ್ಲಿ ಹತ್ತು ಸಾವಿರ ರೂಪಾಯಿ ದಾಟುವುದು ಸಾಮಾನ್ಯ. ವರ್ಷಕ್ಕೆ ಎರಡು ಸಲ ಬೆಟ್ಟಕ್ಕೆ ಹೋಗುವವರು ಅಷ್ಟು ಹಾಕುವುದು ಬೇಡ. ಹಲ್ಲು ತಗ್ಗಾಗಿರುವ, ಅಟ್ಟೆ ತೆಳುವಾದ, ಕಾಲಿಗೆ ಬಿಗಿಯಾಗಿ ಕೂರುವ ಸಾದಾ ಶೂನಲ್ಲಿ ಎಚ್ಚರದಿಂದ ಇಳಿಯಬಹುದು. ತಿಂಗಳಿಗೆ ಎರಡು ಸಲ ಹೋಗುವವರು ಹಣ ಹಾಕಲಿ. ಮುಂಗಾಲಿನ ಚುಕ್ಕಿಗಳು ಅಳಿಸಿದ ಮಾತ್ರಕ್ಕೆ ಎಸೆಯಬೇಕಿಲ್ಲ, ನುಣುಪು ರಬ್ಬರ್ ಒಣಬಂಡೆಯಲ್ಲಿ ಚೆನ್ನಾಗಿಯೇ ನಿಲ್ಲುತ್ತದೆ. ರಬ್ಬರ್ ಸವೆದು ಒಳಗಿನ ಫೋಮು ಕಂಡರೆ ಮಾತ್ರ ಮುಗಿಯಿತು.

ಕಪಾಟಿನಲ್ಲಿ ಜೋಪಾನವಾಗಿಟ್ಟ ಶೂಗೆ ವಯಸ್ಸಾಗುವುದಿಲ್ಲ ಎಂದು ಭಾವಿಸಬೇಡಿ. ಅಟ್ಟೆಯ ಮೇಲಿನ ಪದರ ಪಾಲಿಯುರೆಥೇನ್‌ನದ್ದಾದರೆ ಗಾಳಿಯ ತೇವವೇ ಅದನ್ನು ಒಳಗೊಳಗೆ ಪುಡಿ ಮಾಡುತ್ತದೆ. ಕರಾವಳಿಯ ಸೆಕೆಯಲ್ಲಿ ಇದು ಇನ್ನೂ ಬೇಗ. ಕೊಡಚಾದ್ರಿಯ ಇಳಿಜಾರಿನಲ್ಲಿ ನಮ್ಮ ತಂಡದವರೊಬ್ಬರ ಬೂಟಿನ ಅಟ್ಟೆ ಪೂರ್ತಿ ಕಳಚಿ ಕೈಗೆ ಬಂತು. ಮಂಗಳೂರಿನ ಮನೆಯಲ್ಲಿ ಆರು ವರ್ಷ ಡಬ್ಬದಲ್ಲೇ ಇದ್ದ, ಮೂರು ಸಲ ಹಾಕಿದ್ದ ಬೂಟು ಅದು. ಹಗ್ಗದ ತುಂಡಿನಿಂದ ಸುತ್ತಿ ಕಟ್ಟಿ, ಅವರ ಚೀಲ ನಾವು ಹೊತ್ತು, ಕತ್ತಲಾದ ಮೇಲೆ ಕೆಳಗೆ ಮುಟ್ಟಿದೆವು. ಹಳೆಯ ಜೋಡಿ ಹೊರತೆಗೆದಾಗ ಅಟ್ಟೆಯ ಬದಿಯನ್ನು ಉಗುರಿನಿಂದ ಒತ್ತಿ, ಎರಡು ಕೈಯಲ್ಲಿ ಬಾಗಿಸಿ ನೋಡಿ. ಪುಡಿ ಉದುರಿದರೆ, ಬಿರುಕು ಕಂಡರೆ ಹೊರಡುವ ಮೊದಲೇ ಬದಲಾಯಿಸಿ.

ಹಿಮ್ಮಡಿಯ ಮೇಲಿನ ಎಳೆಯುವ ಕುಣಿಕೆ ಗಟ್ಟಿಯಿದೆಯೇ ಎಂದೂ ಒಮ್ಮೆ ಎಳೆದು ನೋಡಿ. ಮೇಲೆ ಹತ್ತುವಾಗ ಶೂ ಹಾರ್ನೆಸ್‌ಗೆ, ಅಂದರೆ ಹಗ್ಗ ಕಟ್ಟಲು ಸೊಂಟಕ್ಕೆ ಹಾಕುವ ಪಟ್ಟಿಗೆ, ನೇತಾಡುವುದು ಅದರಿಂದಲೇ. ಕುಣಿಕೆ ಕಿತ್ತು ಒಂದು ಶೂ ಬುಡಕ್ಕೆ ಹೋದರೆ ಸಾವನದುರ್ಗದಿಂದ ಒಂಟಿ ಶೂನಲ್ಲಿ ಇಳಿಯಬೇಕಾಗುತ್ತದೆ.

ನಂದಿಮಂಟಪದ ಬಳಿ ನಾನು ಎಲ್ಲರಿಗೂ ಮಾಡಿಸುವ ಒಂದು ಕೆಲಸವಿದೆ. ಬಂಡೆಯ ಮೇಲ್ಪದರ ಉದುರಿ ಆಗುವ ಮರಳು ಅಟ್ಟೆಗೆ ಅಂಟಿರುತ್ತದೆ. ಅದರ ಮೇಲೆ ಕಾಲಿಟ್ಟರೆ ರಾಗಿಕಾಳು ಚೆಲ್ಲಿದ ಗಾರೆನೆಲದ ಮೇಲೆ ಇಟ್ಟಂತೆ. ಬಾಟಲಿಯಲ್ಲಿ ಉಳಿದ ನೀರಿನಿಂದ ಅಂಗೈ ಒದ್ದೆ ಮಾಡಿಕೊಂಡು ಎರಡೂ ಅಟ್ಟೆ ಒರೆಸಿ, ಒಣಗಲು ಬಿಟ್ಟು, ಲೇಸನ್ನು ಬೆರಳಿನ ಬುಡದಿಂದ ಬಿಗಿಯುತ್ತಾ ಬರಬೇಕು. ಆಮೇಲೆ ಅಂಗೈಯನ್ನು ರಬ್ಬರಿನ ಮೇಲೆ ಒತ್ತಿ ಎಳೆದು ನೋಡಿ. ಕಿರ್ ಎಂದರೆ ಎದ್ದು ಹೊರಡಬಹುದು.