ಚೆಕ್ ಎಂಜಿನ್ ಲೈಟ್ ಅಂದರೇನು?

ಕಾರಿನ ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಮೀಟರ್ ಬೋರ್ಡಿನಲ್ಲಿ ಒಂದಷ್ಟು ದೀಪಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಅದರಲ್ಲಿ ಹಳದಿ ಬಣ್ಣದ್ದು, ಎಂಜಿನ್ ಚಿತ್ರ ಇರುವುದೇ ಚೆಕ್ ಎಂಜಿನ್ ಲೈಟ್. ನಮ್ಮ ಕಾಸರಗೋಡಿನ ಕಡೆ ‘ಚೆಕ್ ಲೈಟ್’ ಅಂದರೆ ಸಾಕು. ಎಂಜಿನ್ ಸ್ಟಾರ್ಟ್ ಆದ ಮೇಲೆ ಇದು ಆರಬೇಕು. ಆರದೆ ಉಳಿದರೆ, ಅಥವಾ ದಾರಿಯಲ್ಲಿ ಹೊತ್ತಿಕೊಂಡರೆ, ಕಾರಿನ ಕಂಪ್ಯೂಟರಿಗೆ ಏನೋ ತಪ್ಪು ಕಂಡಿದೆ ಎಂದು ಅರ್ಥ.

ಈ ದೀಪ ಹುಟ್ಟಿದ್ದೇ ಹೊಗೆಯ ಮೇಲೆ ಕಣ್ಣಿಡಲು. ಇಂಧನ ಸರಿಯಾಗಿ ಉರಿಯದೆ ಕೆಟ್ಟ ಹೊಗೆ ಜಾಸ್ತಿ ಆಗುವಂಥ ತೊಂದರೆ ಬಂದರೆ ಅದು ಹೇಳಬೇಕು. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆಲ್ಲ ಇಂಥ ವ್ಯವಸ್ಥೆ ಕಡ್ಡಾಯವಾಯಿತು. ಅದರ ಹೆಸರು ಓಬಿಡಿ-2. ನಮ್ಮಲ್ಲಿ ಅದು ಆಮೇಲೆ ಬಂತು. ಆಯಿಲ್ ಒತ್ತಡಕ್ಕೆ, ಎಂಜಿನ್ ಬಿಸಿಗೆ ಬೇರೆಯೇ ಕೆಂಪು ದೀಪಗಳಿವೆ. ಕೆಂಪು ಹೊತ್ತಿದರೆ ಯೋಚನೆ ಬೇಡ, ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ. ಹಳದಿಗೆ ಅಷ್ಟು ಗಾಬರಿ ಬೇಕಿಲ್ಲ. ಆದರೆ ಅದು ಮಿನುಗುತ್ತಿದೆಯಾ, ಸುಮ್ನೆ ಉರಿಯುತ್ತಿದೆಯಾ ಎಂದು ಮೊದಲು ನೋಡಿ.

ಇದು ನನಗೆ ಗೊತ್ತಾದದ್ದು ಒಂದು ಆಟಿ ತಿಂಗಳಲ್ಲಿ. ಬದಿಯಡ್ಕ ದಾಟಿ ಪೆರ್ಲದ ಕಡೆ ಹೋಗುತ್ತಿದ್ದೆ. ಜೋರು ಮಳೆ. ಒಂದು ಏರಿನಲ್ಲಿ ಕಾರು ಜರ್ಕ್ ಹೊಡೆಯಲು ಶುರುವಾಯಿತು, ಪಿಕಪ್ ಇಲ್ಲ. ಹಳದಿ ದೀಪ ಮಿಣಕ್ ಮಿಣಕ್ ಅನ್ನುತ್ತಿತ್ತು. ಹೇಗೋ ಮನೆ ಮುಟ್ಟಿದೆ. ಮರುದಿನ ಹತ್ತಿರದ ಗ್ಯಾರೇಜಿನವರು ಬ್ಯಾಟರಿ ವಯರ್ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದರು. ದೀಪ ಆರಿತು. ಎರಡು ದಿನಕ್ಕೆ ಮತ್ತೆ ಬಂತು.

ಬ್ಯಾಟರಿ ಬಿಚ್ಚಿದರೆ ಎಷ್ಟೋ ಕಾರುಗಳಲ್ಲಿ ಕಂಪ್ಯೂಟರ್ ಬರೆದಿಟ್ಟದ್ದು ಅಳಿಸಿಹೋಗುತ್ತದೆ. ತೊಂದರೆ ಅಲ್ಲೇ ಇರುತ್ತದೆ, ಅದರ ಗುರುತು ಮಾತ್ರ ಹೋಗುತ್ತದೆ. ಆ ಗುರುತಿಗೇ ಕೋಡ್ ಅನ್ನುವುದು. ಹಾಗಾಗಿ ಮೊದಲು ಕೋಡ್ ಓದಿಸಿ, ಬರೆದಿಟ್ಟುಕೊಳ್ಳಿ.

ಸ್ಟೇರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಕೋಡ್ ಓದುವ ಸ್ಕ್ಯಾನರ್ ಚುಚ್ಚುವುದು ಅಲ್ಲಿಗೆ. ಎರಡನೇ ಗ್ಯಾರೇಜಿನಲ್ಲಿ ನನ್ನ ಕಾರು ತೋರಿಸಿದ ಕೋಡ್ ಪಿ0302. ಇದನ್ನು ಒಂದು ಪದದ ಹಾಗೆ ಬಿಡಿಸಿ ಓದಬಹುದು. ‘ಪಿ’ ಅಂದರೆ ಎಂಜಿನ್ ಮತ್ತು ಗೇರ್ ವಿಭಾಗ. ಮೊದಲ ಸೊನ್ನೆ ಅಂದರೆ ಎಲ್ಲ ಕಂಪೆನಿಗಳಿಗೂ ಒಂದೇ ಆದ ಕೋಡ್. 3 ಅಂದರೆ ಕಿಡಿ ಹೊತ್ತಿಸುವ ಕಡೆಯ ಅಥವಾ ಇಂಧನ ಸರಿಯಾಗಿ ಉರಿಯದ ತೊಂದರೆ. ಕೊನೆಯ 02, ಎರಡನೇ ಸಿಲಿಂಡರ್. ಸಿಲಿಂಡರ್ ಅಂದರೆ ಎಂಜಿನ್ನಿನೊಳಗೆ ಇಂಧನ ಉರಿಯುವ ಜಾಗ. ಎರಡನೇ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ನಮ್ಮ ಮೆಕ್ಯಾನಿಕ್‌ಗಳು ‘ಮಿಸ್ಸಿಂಗ್’ ಅನ್ನುವುದು ಇದಕ್ಕೇ. ಇಲ್ಲಿ ಒಂದು ಗ್ಯಾರೇಜಿನಲ್ಲಿ ಮಲಯಾಳ, ಇನ್ನೊಂದರಲ್ಲಿ ತುಳು, ಮತ್ತೊಂದರಲ್ಲಿ ಕನ್ನಡ. ಕೋಡ್ ಮಾತ್ರ ಎಲ್ಲ ಕಡೆ ಒಂದೇ, ಎಷ್ಟು ಅನುಕೂಲ ಅಲ್ವಾ?

ಆದರೆ ಕೋಡ್ ಹೇಳುವುದು ಲಕ್ಷಣವನ್ನು. ಯಾವ ಪಾರ್ಟ್ ಹೋಗಿದೆ ಎಂದು ಅದು ಹೇಳುವುದಿಲ್ಲ. ಕಿಡಿ ಹೊತ್ತಿಸುವ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್, ಇಂಧನ ಚಿಮ್ಮಿಸುವ ಇಂಜೆಕ್ಟರ್, ವಯರ್, ಯಾವುದೂ ಆಗಿರಬಹುದು. ಆ ಮೆಕ್ಯಾನಿಕ್ ಒಂದನೇ ಮತ್ತು ಎರಡನೇ ಸಿಲಿಂಡರಿನ ಕಾಯಿಲ್‌ಗಳನ್ನು ಅದಲು ಬದಲು ಮಾಡಿ ಓಡಿಸಿ ನೋಡಿದರು. ಕೋಡ್ ಆಗಲೂ ಪಿ0302. ಅಂದರೆ ಕಾಯಿಲ್ ಸರಿ ಇದೆ. ಟಾರ್ಚ್ ಬಿಟ್ಟು ಹುಡುಕಿದರೆ ವಯರ್ ಸಿಕ್ಕಿತು: ಸಿಪ್ಪೆ ಸುಲಿದು ತಾಮ್ರ ಕಾಣುತ್ತಿತ್ತು, ಪಕ್ಕದಲ್ಲೇ ಇಲಿ ಹಿಕ್ಕೆ. ಅಡಿಕೆ ಚೀಲ ಇಡುವ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರು ಮಳೆಗಾಲದಲ್ಲಿ ಆಗಾಗ ಬಾನೆಟ್ ಎತ್ತಿ ನೋಡಿ.

ಮಿನುಗುವ ದೀಪಕ್ಕೆ ಯಾಕೆ ಹೆದರಬೇಕು ಎಂದರೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಭಾಗ ಕರಗಿಯೇ ಹೋಗಬಹುದು. ವಯರ್ ರಿಪೇರಿಯ ಖರ್ಚು ಎಲ್ಲಿ, ಕನ್ವರ್ಟರಿನ ಬೆಲೆ ಎಲ್ಲಿ! ಆ ದಿನ ನಾನು ಪೆರ್ಲದ ದಾರಿಯಲ್ಲೇ ಕಾರು ನಿಲ್ಲಿಸಬೇಕಿತ್ತು. ಮಿನುಗಿದರೆ ಆಕ್ಸಿಲರೇಟರ್ ಬಿಡಿ, ಬದಿಗೆ ನಿಲ್ಲಿಸಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ. ಸುಮ್ನೆ ಉರಿಯುತ್ತಿದ್ದು ಕಾರು ಸರಿಯಾಗಿ ಓಡುತ್ತಿದ್ದರೆ ನಿಧಾನ ಓಡಿಸಿ, ಒಂದೆರಡು ದಿನದಲ್ಲಿ ಸ್ಕ್ಯಾನ್ ಮಾಡಿಸಿ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗಲೂ ಮೊದಲು ಕೀ ತಿರುಗಿಸಿ ಈ ದೀಪ ನೋಡಿ. ಸ್ಟಾರ್ಟ್ ಮಾಡುವ ಮೊದಲೂ ಅದು ಉರಿಯದಿದ್ದರೆ ಬಲ್ಬ್ ಹೋಗಿರಬಹುದು, ಯಾರಾದರೂ ಬಿಚ್ಚಿರಲೂಬಹುದು. ಸ್ಕ್ಯಾನ್ ಮಾಡಿಸದೆ ಅಡ್ವಾನ್ಸ್ ಕೊಡಬೇಡಿ.