ಸ್ವಿಚ್ ಒತ್ತಲು ಕೈಯೇ ಯಾಕೆ?

ಪ್ರಶ್ನೆ: ಎರಡೂ ಕೈ ಸ್ವಾಧೀನದಲ್ಲಿಲ್ಲ, ಮಾತೂ ಅಸ್ಪಷ್ಟ. ಇಂಥವರು ಆಂಡ್ರಾಯ್ಡ್ ಫೋನನ್ನು ತಾವೇ ಬಳಸಬಹುದೇ? ಫೋನಿಗೆ ಹೊರಗಿನಿಂದ ಜೋಡಿಸುವ ಗುಂಡಿಯನ್ನು, ಅಂದರೆ ಸ್ವಿಚ್ಚನ್ನು, ಒತ್ತುವುದಕ್ಕೂ ಕೈ ಬೇಕಲ್ಲ?

ಉತ್ತರ: ಬಳಸಬಹುದು. ಗೂಗಲ್‌ನ ‘ಸ್ವಿಚ್ ಆಕ್ಸೆಸ್’ ಎಂಬ ಆ್ಯಪ್ ಉಚಿತವಾಗಿ ಸಿಗುತ್ತದೆ. ಪರದೆಯ ಮೇಲೆ ಒಂದು ಚೌಕಟ್ಟು ಗುಂಡಿಯಿಂದ ಗುಂಡಿಗೆ ಸರಿಯುತ್ತದೆ. ಬೇಕಾದ್ದರ ಮೇಲೆ ಬಂದಾಗ ಸ್ವಿಚ್ ಒತ್ತಿದರೆ ಆಯ್ಕೆಯಾಯಿತು.

ಇನ್ನು ‘ಕೈ ಬೇಕಲ್ಲ’ ಎಂಬ ಮಾತು. ಬೇಡ. ಎಷ್ಟು ಸಲ ಕೇಳಿದರೂ ಉತ್ತರ ಇದೇ: ಬೇಡ. ಬೇಕಿರುವುದು ಒಂದೇ ಒಂದು ಚಲನೆ. ಅದು ಮನಸ್ಸು ಮಾಡಿದಾಗ ಆಗಬೇಕು, ಬೇಡವೆಂದಾಗ ನಿಲ್ಲಬೇಕು, ಅರ್ಧ ಗಂಟೆಯಾದರೂ ದಣಿಸಬಾರದು. ತಲೆಯನ್ನು ಎರಡು ಬೆರಳಿನಷ್ಟು ವಾಲಿಸುವುದಾಗಲಿ, ಮೊಣಕಾಲಾಗಲಿ, ಕೆನ್ನೆಯಾಗಲಿ, ಕಾಲಿನ ಹೆಬ್ಬೆರಳಾಗಲಿ, ಯಾವುದೂ ಆದೀತು. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಯ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಹಲವರಿಗೆ ಕೈಯೇ ಎಲ್ಲಕ್ಕಿಂತ ಕೆಟ್ಟ ಜಾಗ. ಕೈ ಚಾಚುವ ಪ್ರಯತ್ನಕ್ಕೇ ಮೈಯೆಲ್ಲ ಸೆಟೆದುಕೊಳ್ಳುತ್ತದೆ, ಒತ್ತುವಷ್ಟರಲ್ಲಿ ಚೌಕಟ್ಟು ಮುಂದೆ ಹೋಗಿರುತ್ತದೆ. ಆಗ ಮನೆಯವರು ‘ಇವನಿಗೆ ಇದೆಲ್ಲ ತಿಳಿಯುವುದಿಲ್ಲ’ ಎಂದು ಸ್ವಿಚ್ಚನ್ನು ಬೀರುವಿಗೆ ಸೇರಿಸುತ್ತಾರೆ. ತಿಳಿಯದಿರುವುದು ಅವನಿಗಲ್ಲ. ಯಾವ ಸ್ವಿಚ್ಚನ್ನೂ ತಾಗಿಸಲಾಗದವರಿಗೆ ಆಂಡ್ರಾಯ್ಡ್ 12ರಿಂದ ಮುಂಬದಿಯ ಕ್ಯಾಮೆರಾವೇ ಸ್ವಿಚ್: ನಗುವುದು, ಹುಬ್ಬೇರಿಸುವುದು, ಬಾಯಿ ತೆರೆಯುವುದು, ಎಡಕ್ಕೋ ಬಲಕ್ಕೋ ಮೇಲಕ್ಕೋ ನೋಡುವುದು. ಮಂದ ಬೆಳಕಲ್ಲಿ ಇದು ಕೈಕೊಡುತ್ತದೆ, ಬ್ಯಾಟರಿಯನ್ನೂ ತಿನ್ನುತ್ತದೆ.

ಚೌಕಟ್ಟು ಸರಿಯುವ ವೇಗವನ್ನು ಅಂದಾಜಿನಲ್ಲಿ ಇಡಬೇಡಿ. ಸೂಚನೆ ಕೊಟ್ಟ ಮೇಲೆ ಒತ್ತಲು ಎಷ್ಟು ಹೊತ್ತು ಹಿಡಿಯಿತೆಂದು ಹತ್ತು ಸಲ ಅಳೆದು, ಸರಾಸರಿಯನ್ನು 0.65ರಿಂದ ಭಾಗಿಸಿ. ಸರಾಸರಿ 1.3 ಸೆಕೆಂಡ್ ಬಂದರೆ ಚೌಕಟ್ಟು ಪ್ರತಿ ಗುಂಡಿಯ ಮೇಲೆ 2 ಸೆಕೆಂಡ್ ನಿಲ್ಲಲಿ.

ಸ್ವಿಚ್ಚಿನ 3.5 ಮಿ.ಮೀ. ಪಿನ್ನನ್ನು ಇಯರ್‌ಫೋನ್ ತೂತಿಗೆ ಚುಚ್ಚಬೇಡಿ. ಹೆಡ್‌ಫೋನ್ ಬಂತೆಂದು ಫೋನ್ ತಿಳಿಯುತ್ತದೆ, ಅಷ್ಟೇ. ಒತ್ತನ್ನು ಕೀಬೋರ್ಡಿನ ಕೀಯಾಗಿ ಬದಲಿಸುವ ಸಾಧನ, ಅಂದರೆ ಬ್ಲೂಟೂತ್ ಇಲ್ಲವೇ ಯುಎಸ್‌ಬಿ ಇಂಟರ್ಫೇಸ್, ನಡುವೆ ಬೇಕು. ಹಳೆ ಮೌಸ್ ಬಿಚ್ಚಿ ಬೆಸುಗೆ ಹಾಕುವ ಉಪಾಯ ಕಂಪ್ಯೂಟರಿಗೆ ಸರಿ, ಇಲ್ಲಿ ನಡೆಯದು. ಈ ಆ್ಯಪ್ ಕಾಯುವುದು ಕೀಗೆ, ಕ್ಲಿಕ್ಕಿಗಲ್ಲ.

ಯಾರೂ ಕೇಳದ ಪ್ರಶ್ನೆಯೊಂದಿದೆ: ರಾತ್ರಿ ಮನೆಯವರನ್ನು ಎಬ್ಬಿಸುವುದು ಹೇಗೆ? ಅದನ್ನು ಫೋನಿಗೆ ಒಪ್ಪಿಸಬೇಡಿ. ಚಾರ್ಜ್ ಮುಗಿದಿರುತ್ತದೆ, ಬ್ಲೂಟೂತ್ ಕಡಿದಿರುತ್ತದೆ. ಎಲೆಕ್ಟ್ರಿಕಲ್ ಅಂಗಡಿಯ ವೈರ್‌ಲೆಸ್ ಕಾಲಿಂಗ್ ಬೆಲ್ ತನ್ನಿ. ರಿಮೋಟ್ ಬಿಚ್ಚಿ, ಗುಂಡಿಯ ಎರಡು ತುದಿಗಳಿಂದ ಎರಡು ವೈರ್ ಎಳೆದು ಸ್ವಿಚ್ಚಿನ ಪಿನ್ ಕೂರುವ 3.5 ಮಿ.ಮೀ. ಮೋನೋ ಸಾಕೆಟ್ಟಿಗೆ ಬೆಸೆಯಿರಿ. ಹಗಲು ಬಳಸುವ ಅದೇ ಸ್ವಿಚ್ ಇದಕ್ಕೂ ಹೊಂದುತ್ತದೆ. ಆದರೆ ಕುರ್ಚಿಯಲ್ಲಿ ಸಿಗುವ ಚಲನೆ ಮಲಗಿದಾಗ ಸಿಗದೇ ಹೋಗಬಹುದು. ಹಾಸಿಗೆಯಲ್ಲಿ, ಕಂಬಳಿ ಹೊದಿಸಿ, ದೀಪ ಆರಿಸಿ ಪರೀಕ್ಷಿಸಿ.