ಓದಿ ಹೇಳುವುದು ಬೇರೆ, ಓದಲು ಕಲಿಸುವುದು ಬೇರೆ

ಹುಟ್ಟಿನಿಂದ ಕಣ್ಣು ಕಾಣದ ವಿದ್ಯಾರ್ಥಿಯೊಬ್ಬ ಪಾಠಗಳನ್ನೆಲ್ಲ ಕಂಪ್ಯೂಟರಿನ ಧ್ವನಿಯಲ್ಲಿ ಕೇಳಿಸಿಕೊಂಡು ಅರ್ಥ ಮಾಡಿಕೊಳ್ಳಬಲ್ಲ, ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೂ ಹೇಳಬಲ್ಲ. ಆದರೆ ಅವನು ಕೇಳಿದ್ದು ‘ಋಷಿ’ಯೋ ‘ರುಶಿ’ಯೋ ಎಂಬುದನ್ನು ಕಿವಿಯೊಂದೇ ತಿಳಿಸಲಾರದು. ಪದ ಎಲ್ಲಿ ಮುಗಿಯಿತು, ಅಲ್ಪವಿರಾಮ ಎಲ್ಲಿ ಬಿತ್ತು, ಒತ್ತಕ್ಷರ ಯಾವುದು ಎಂಬ ಸಂಗತಿಗಳು ಬರೆಹದಲ್ಲಿ ಇರುವಂತೆ ಧ್ವನಿಯಲ್ಲಿ ಇರುವುದಿಲ್ಲ. ಮುದ್ರಿತ ಪುಟವನ್ನು ಸ್ಕ್ಯಾನ್ ಮಾಡಿ ಗಟ್ಟಿಯಾಗಿ ಓದಿ ಹೇಳುವ ಯಂತ್ರವನ್ನು ರೇ ಕರ್ಜ್‌ವೈಲ್ 1976ರಲ್ಲಿ ಪರಿಚಯಿಸಿದರು. ಇಂದು ಆ ಕೆಲಸವನ್ನು ಜೇಬಿನ ಫೋನೇ ಮಾಡುತ್ತದೆ. ಇದು ನಿಜಕ್ಕೂ ದೊಡ್ಡ ಉಪಕಾರ. ಆದರೂ ಓದಿ ಹೇಳುವ ಸಾಧನ ಕೈಗೆ ಬಂದ ಮಾತ್ರಕ್ಕೆ ಮಗು ಓದು ಕಲಿತಿತು ಎಂದು ಭಾವಿಸುವುದು ಸರಿಯಲ್ಲ.

ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಓದನ್ನು ಒಂದು ಸರಳ ಗುಣಾಕಾರವಾಗಿ ವಿವರಿಸಿದರು. ಅಕ್ಷರಗಳನ್ನು ಬಿಡಿಸಿ ಪದವನ್ನು ಗುರುತಿಸುವ ಶಕ್ತಿ ಒಂದು, ಕೇಳಿದ ಭಾಷೆಯನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು. ಇವೆರಡರ ಗುಣಲಬ್ಧವೇ ಓದಿನ ಗ್ರಹಿಕೆ. ಗುಣಾಕಾರವಾದ್ದರಿಂದ ಎರಡರಲ್ಲಿ ಒಂದು ಸೊನ್ನೆಯಾದರೂ ಫಲ ಸೊನ್ನೆಯೇ. ಸಹಾಯಕ ಸಾಧನವನ್ನು ಆರಿಸುವ ಮೊದಲು ಯಾವ ಕಡೆ ತೊಡಕಿದೆ ಎಂದು ನೋಡಬೇಕು. ಧ್ವನಿ ತಂತ್ರಾಂಶವು ಮೊದಲನೆಯ ಶಕ್ತಿಯ ಕೊರತೆಯನ್ನು ಸುತ್ತುಬಳಸಿ ದಾಟಿಸುತ್ತದೆಯೇ ಹೊರತು ಆ ಕೊರತೆಯನ್ನು ತುಂಬಿಕೊಡುವುದಿಲ್ಲ.

ಈ ಭೇದ ಬ್ರೈಲ್ ಲಿಪಿಯ ಹುಟ್ಟಿನಲ್ಲಿಯೇ ಇದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ವ್ಯಾಲೆಂಟಿನ್ ಹೌಯ್ ತಮ್ಮ ಶಾಲೆಯ ಅಂಧ ಮಕ್ಕಳಿಗಾಗಿ ಸಾಮಾನ್ಯ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಅಚ್ಚು ಹಾಕಿಸಿದರು. ಅವನ್ನು ಬೆರಳಿನಿಂದ ಸವರಿ ಓದಬಹುದಿತ್ತು, ಆದರೆ ಬಹಳ ನಿಧಾನ. ಮಕ್ಕಳು ಸ್ವತಃ ಬರೆಯಲಂತೂ ಅದು ಒದಗುತ್ತಿರಲಿಲ್ಲ. ಅನಂತರ ಶಾರ್ಲ್ ಬಾರ್ಬಿಯೆ ಹನ್ನೆರಡು ಚುಕ್ಕಿಗಳ ಸಂಕೇತವನ್ನು ತಂದರು. ಅದನ್ನು ಬರೆಯಬಹುದಿತ್ತು, ಆದರೆ ಅದು ಉಚ್ಚಾರಣೆಯನ್ನು ಮಾತ್ರ ದಾಖಲಿಸುತ್ತಿತ್ತು, ಕಾಗುಣಿತಕ್ಕೆ ಅದರಲ್ಲಿ ಸ್ಥಳವೇ ಇರಲಿಲ್ಲ. ಅದೇ ಶಾಲೆಯ ವಿದ್ಯಾರ್ಥಿ ಲೂಯಿ ಬ್ರೈಲ್ 1824ರ ಹೊತ್ತಿಗೆ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಚುಕ್ಕಿಗಳನ್ನು ಮೂರು ಮೂರರ ಎರಡು ನಿಲುಸಾಲುಗಳಾಗಿ ಆರಕ್ಕೆ ಇಳಿಸಿ, ಒಂದೇ ಸ್ಪರ್ಶಕ್ಕೆ ಬೆರಳ ತುದಿಯ ಕೆಳಗೆ ಬರುವಂತೆ ಮಾಡಿದ ಮತ್ತು ಪ್ರತಿ ಸಂಕೇತವನ್ನೂ ಅಕ್ಷರಕ್ಕೆ ಜೋಡಿಸಿದ. ಅಂಧರಿಗೆ ಉಚ್ಚಾರಣೆ ಸಾಕು, ಕಾಗುಣಿತ ಏಕೆ ಎಂಬ ಧೋರಣೆಯನ್ನು ಸ್ವತಃ ಅಂಧನಾಗಿದ್ದ ಹುಡುಗನೊಬ್ಬ ಒಪ್ಪದಿದ್ದುದು ನನಗೆ ಈ ಇಡೀ ಚರಿತ್ರೆಯ ಅತ್ಯಂತ ಮುಖ್ಯ ಘಟನೆಯಾಗಿ ಕಾಣುತ್ತದೆ.

ಬ್ರೈಲ್ ಬರೆಯುವ ಸ್ಲೇಟು ಮತ್ತು ಸ್ಟೈಲಸ್ ಇಂದಿಗೂ ಪೆನ್ಸಿಲಿನಷ್ಟೇ ಸರಳ ಸಾಧನಗಳು. ಎರಡು ಪಟ್ಟಿಗಳ ನಡುವೆ ದಪ್ಪ ಕಾಗದವನ್ನು ಸಿಕ್ಕಿಸಿ, ಮೇಲಿನ ಪಟ್ಟಿಯ ಕಿಟಕಿಗಳ ಮೂಲಕ ಮೊನೆಯಿಂದ ಒತ್ತಿದರೆ ಚುಕ್ಕಿಯು ಕಾಗದದ ಹಿಂಬದಿಯಲ್ಲಿ ಉಬ್ಬುತ್ತದೆ. ಹೀಗಾಗಿ ಬಲದಿಂದ ಎಡಕ್ಕೆ, ಕನ್ನಡಿಯ ಪ್ರತಿಬಿಂಬದಂತೆ ಬರೆಯಬೇಕಾಗುತ್ತದೆ. ‘ಕ’ ಅಕ್ಷರಕ್ಕೆ ಎಡಸಾಲಿನ ಮೇಲಿನ ಮತ್ತು ಕೆಳಗಿನ ಚುಕ್ಕಿಗಳು ಬೇಕು; ಬರೆಯುವಾಗ ಮಗು ಒತ್ತುವುದು ಬಲಸಾಲಿನ ಮೇಲಿನ ಮತ್ತು ಕೆಳಗಿನ ಚುಕ್ಕಿಗಳನ್ನು. ಕಾಗದವನ್ನು ತೆಗೆದು ಮಗುಚಿದಾಗ ಅಕ್ಷರ ಸರಿಯಾದ ರೂಪದಲ್ಲಿ ಬೆರಳಿಗೆ ಸಿಗುತ್ತದೆ. 1951ರಲ್ಲಿ ಬಂದ ಪರ್ಕಿನ್ಸ್ ಬ್ರೈಲರ್ ಆರು ಕೀಲಿಗಳಿಂದ ಈ ತಿರುವುಮುರುವನ್ನು ತಪ್ಪಿಸಿತು. ಕಂಪ್ಯೂಟರಿಗೆ ಜೋಡಿಸುವ ಬ್ರೈಲ್ ಡಿಸ್‌ಪ್ಲೇಯಲ್ಲಿ ವಿದ್ಯುತ್ತಿಗೆ ಬಾಗುವ ಸಣ್ಣ ಪಟ್ಟಿಗಳು ಚುಕ್ಕಿಗಳನ್ನು ಎತ್ತಿ ಇಳಿಸುತ್ತವೆ. ಒಂದು ಅಕ್ಷರದ ಜಾಗವಾದ ಕೋಶಕ್ಕೆ ಇಲ್ಲಿ ಸಾಮಾನ್ಯವಾಗಿ ಆರರ ಬದಲು ಎಂಟು ಚುಕ್ಕಿಗಳು; ಅಂಥ ನಲವತ್ತು ಕೋಶಗಳಿರುವ ಒಂದು ಸಾಲಿಗೆ ಬಿಡಿಬಿಡಿಯಾಗಿ ಚಲಿಸುವ 320 ಕಡ್ಡಿಗಳು ಬೇಕು. ಇದು ದುಬಾರಿಯಾಗಲು ಇದೇ ಮುಖ್ಯ ಕಾರಣ.

ಡಿಸ್ಲೆಕ್ಸಿಯಾ, ಅಂದರೆ ಓದು ಕಲಿಯುವಲ್ಲಿನ ತೊಂದರೆ, ಇರುವ ಮಗುವಿನ ತೊಡಕು ಸಾಮಾನ್ಯವಾಗಿ ಕಣ್ಣಿನದಲ್ಲ. ಮಾತನ್ನು ಬಿಡಿ ಧ್ವನಿಗಳಾಗಿ ಒಡೆದು ಅಕ್ಷರಗಳಿಗೆ ಹೊಂದಿಸುವಲ್ಲಿ ಅದು ಇರುತ್ತದೆ. ಆದ್ದರಿಂದ ಡಿಸ್ಲೆಕ್ಸಿಯಾಕ್ಕೆಂದೇ ರೂಪಿಸಿದ ಫಾಂಟುಗಳಿಂದ ನಿರೀಕ್ಷಿಸಿದ ಪ್ರಯೋಜನ ಪರೀಕ್ಷೆಗಳಲ್ಲಿ ಸ್ಥಿರವಾಗಿ ಕಾಣಿಸಿಲ್ಲ. ಅಕ್ಷರಗಳ ನಡುವಿನ ಅಂತರವನ್ನು ಹಿಗ್ಗಿಸಿದಾಗ ಇಟಲಿ ಮತ್ತು ಫ್ರಾನ್ಸಿನ ಇಂಥ ಮಕ್ಕಳು ಹೆಚ್ಚು ವೇಗವಾಗಿ, ಕಡಿಮೆ ತಪ್ಪುಗಳೊಂದಿಗೆ ಓದಿದ್ದನ್ನು 2012ರ ಅಧ್ಯಯನವೊಂದು ತೋರಿಸಿತು. ಆದರೂ ಧ್ವನಿ ಮತ್ತು ಅಕ್ಷರದ ನಂಟನ್ನು ಕ್ರಮವಾಗಿ, ಬಾರಿ ಬಾರಿ ಕಲಿಸುವುದಕ್ಕೆ ಪರ್ಯಾಯವಿಲ್ಲ. ಆ ಕಲಿಕೆ ನಡೆಯುತ್ತಿರುವಷ್ಟು ಕಾಲ ವಿಜ್ಞಾನ, ಇತಿಹಾಸಗಳಲ್ಲಿ ಮಗು ಹಿಂದೆ ಬೀಳಬಾರದು. ಓದುತ್ತಿರುವ ಪದವನ್ನು ಪರದೆಯ ಮೇಲೆ ಬಣ್ಣದಿಂದ ಗುರುತಿಸುತ್ತಾ ಹೋಗುವ ಧ್ವನಿ ತಂತ್ರಾಂಶ ಇಲ್ಲಿ ತುಂಬ ನೆರವಾಗುತ್ತದೆ.

ಬರೆಹದ ಕಡೆಗೆ ನಾವು ಕೊಡುವ ಗಮನ ಕಡಿಮೆ. ಸೆರೆಬ್ರಲ್ ಪಾಲ್ಸಿಯಿಂದಾಗಿ ಕೈಯೂ ಮಾತೂ ಹಿಡಿತಕ್ಕೆ ಬಾರದ ಮಗುವಿಗೆ ಚಿತ್ರಗಳ ಫಲಕವನ್ನು ಕೊಡುತ್ತೇವೆ: ನೀರು, ಊಟ, ಆಟ. ಆದರೆ ಅದರಲ್ಲಿ ಇಲ್ಲದ ಮಾತನ್ನು ಆ ಮಗು ಆಡುವುದಾದರೂ ಹೇಗೆ? ತಲೆಯನ್ನು ತುಸು ವಾಲಿಸಿದರೆ ಒತ್ತಲ್ಪಡುವ ಒಂದೇ ಸ್ವಿಚ್ಚಿನಿಂದಲೂ ಪೂರ್ತಿ ವರ್ಣಮಾಲೆಯನ್ನು ಬಳಸಬಹುದು. ಕನ್ನಡದ 49 ಅಕ್ಷರಗಳನ್ನು ಪರದೆಯ ಮೇಲೆ ಒಂದರ ಹಿಂದೊಂದು ಬೆಳಗಿಸಿ, ಬೇಕಾದ ಅಕ್ಷರ ಬೆಳಗಿದಾಗ ಮಗು ಸ್ವಿಚ್ಚು ಒತ್ತುವಂತೆ ಮಾಡಿದರೆ ಸರಾಸರಿ 25 ಹೆಜ್ಜೆ ಕಾಯಬೇಕು. ಏಳೇಳರ ಏಳು ಸಾಲುಗಳಾಗಿ ಇಟ್ಟು, ಮೊದಲು ಸಾಲನ್ನೂ ಆಮೇಲೆ ಆ ಸಾಲಿನ ಅಕ್ಷರವನ್ನೂ ಆರಿಸುವಂತೆ ಮಾಡಿದರೆ ಸರಾಸರಿ ಎಂಟೇ ಹೆಜ್ಜೆ ಸಾಕು. ಕಾಗುಣಿತದ ಗುರುತಿಗೆ ಇನ್ನೊಂದು ಸುತ್ತು ಬೇಕಾಗುತ್ತದೆ. ಮುಂದಿನ ಪದವನ್ನು ಊಹಿಸಿ ತೋರಿಸುವ ಸೌಲಭ್ಯವು ಈ ಶ್ರಮವನ್ನು ಮತ್ತಷ್ಟು ಇಳಿಸುತ್ತದೆ.

ಇಂಥ ಸ್ವಿಚ್ಚು ಸಿಕ್ಕ ಹೊಸತರಲ್ಲಿ ಪರದೆಯ ಮೇಲೆ ‘ತಮಮಜಳಅ’ ಎಂಬಂಥ ಸಾಲುಗಳು ಮೂಡುತ್ತವೆ. ಸಾಧನ ಕೆಲಸಕ್ಕೆ ಬಾರದು ಎಂದು ಅದನ್ನು ಹಿಂದಕ್ಕೆ ಪಡೆಯುವುದು ಸಾಮಾನ್ಯವಾಗಿ ಈ ಹಂತದಲ್ಲಿಯೇ. ಆದರೆ ಉಳಿದ ಮಕ್ಕಳು ಮೂರು ವರ್ಷದಲ್ಲಿ ಗೋಡೆಯ ಮೇಲೆ ಬಳಪದಿಂದ ಗೀಚುತ್ತಿದ್ದುದೂ ಇದನ್ನೇ. ಆ ಸಾಲನ್ನು ಶಿಕ್ಷಕಿ ಗಟ್ಟಿಯಾಗಿ ಓದಿ, “‘ಮ’ವನ್ನು ಎರಡು ಸಲ ಬರೆದಿದ್ದೀಯ, ನಿನ್ನ ಅಮ್ಮನ ಹೆಸರಿನಲ್ಲೂ ‘ಮ’ ಇದೆಯಲ್ಲ” ಎಂದಾಗ, ಮಗು ಮತ್ತೆ ‘ಮ’ ಇರುವ ಸಾಲು ಬೆಳಗುವುದನ್ನೇ ಕಾಯತೊಡಗುತ್ತದೆ.